ಮಂಗನ ಕಾಯಿಲೆ ಮಂಗನಿಂದ ಬರುವುದಲ್ಲ



ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದರಗು ಗುಡಿಸುವ ಕಾಲ ಬಂತೆಂದರೆ ಮಂಗನ ಕಾಯಿಲೆಯ ಮಾತೂ ಬರುತ್ತದೆ. ಹೆಸರು ಕೇಳಿ ಎಷ್ಟೋ ಜನ ಮಂಗನಿಗೇ ಬೈಯುತ್ತಾರೆ. ಪಾಪ, ಅದೂ ನಮ್ಮ ಹಾಗೆ ಈ ರೋಗಕ್ಕೆ ಸಿಕ್ಕಿ ಸಾಯುವ ಜೀವ. ಕಚ್ಚಿ ರೋಗ ಹಚ್ಚುವುದು ಉಣುಗು. ಕೆಲವರು ಉಣ್ಣೆ ಅನ್ನುತ್ತೀರಿ.

ಇದು ಗೊತ್ತಾಗಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ವರ್ಷ ಕಾಡಿನಲ್ಲಿ ಮಂಗ, ಮುಸ್ಯ ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜ್ವರ. ಮೊದಲು ಟೈಫಾಯ್ಡ್ ಇರಬೇಕು ಅಂದುಕೊಂಡರು. ಮಂಗ ಸಾಯುತ್ತಿವೆ ಎಂದು ತಿಳಿದ ಮೇಲೆ ಬೇರೆಯೇ ಹೆದರಿಕೆ ಹುಟ್ಟಿತು: ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇ ಅಂತ. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಡಾ. ಟೆಲ್‌ಫೋರ್ಡ್ ವರ್ಕ್, ಡಾ. ಹೆರಾಲ್ಡ್ ಟ್ರಾಪಿಡೊ ಮತ್ತು ನಮ್ಮ ದೇಶದ ವಿಜ್ಞಾನಿಗಳು ಬಂದು ರೋಗಿಗಳ ರಕ್ತ, ಸತ್ತ ಮಂಗಗಳು, ಕಾಡಿನ ಉಣುಗು ಎಲ್ಲವನ್ನೂ ಪರೀಕ್ಷಿಸಿದರು. ಮೂರರಲ್ಲೂ ಒಂದೇ ವೈರಸ್! ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ್ದು. ಸಂಶೋಧನೆ ಮಾಡಿದ ಕೆಲವರಿಗೂ ಪ್ರಯೋಗಾಲಯದಲ್ಲೇ ಈ ಜ್ವರ ಹಿಡಿಯಿತು.

ಉಣುಗಿನ ಮರಿ ಮೊದಲು ಇಲಿ, ಅಳಿಲು, ಹಕ್ಕಿಗಳ ರಕ್ತ ಕುಡಿಯುತ್ತದೆ. ಸ್ವಲ್ಪ ಬೆಳೆದು ರಾಗಿ ಕಾಳಿನಷ್ಟಾದಾಗ ಮಂಗನಿಗೂ ಮನುಷ್ಯನಿಗೂ ಹತ್ತುತ್ತದೆ. ನವೆಂಬರ್, ಡಿಸೆಂಬರಿನಿಂದ ಮೇ ತನಕ ಇದರ ಕಾಟ. ನಾವು ಕೊಟ್ಟಿಗೆಗೆ ಹಾಸಲು ದರಗು ತರುವುದೂ ಆಗಲೇ ಅಲ್ಲವೇ? ದೊಡ್ಡ ಉಣುಗು ದನಕ್ಕೆ ಹತ್ತುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಅದರ ರಕ್ತ ಕುಡಿದು ಉಣುಗು ಸಾವಿರಾರು ಮೊಟ್ಟೆ ಇಡುತ್ತದೆ. ಆದ್ದರಿಂದ ಕಾಡಿಗೆ ಮೇಯಲು ಹೋಗುವ ದನಗಳಿಗೆ ಉಣುಗಿನ ಔಷಧಿ ಹಾಕಿಸಲು ಪಶು ಆಸ್ಪತ್ರೆಯಲ್ಲಿ ಕೇಳಿ.

ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ. ಜ್ವರ ಬಂದ ಮನೆಗೆ ಹೋಗದೆ ದೂರ ಇಡುವುದು ತಪ್ಪು.

ಉಣುಗು ಕಚ್ಚಿ 3ರಿಂದ 8 ದಿನಕ್ಕೆ ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಸೊಂಟ ಕೈಕಾಲು ನೋವು, ಕಣ್ಣು ಕೆಂಪು, ವಾಂತಿ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಕೆಲವರಿಗೆ ಮತ್ತೆ ಬರುತ್ತದೆ, ಆಗ ಮಿದುಳಿಗೆ ತೊಂದರೆ. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಇದನ್ನೇ ಗುಣ ಮಾಡುವ ಔಷಧಿ ಇಲ್ಲ, ಆದರೆ ಬೇಗ ಆಸ್ಪತ್ರೆ ಸೇರಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಅಂಗಡಿಯ ನೋವಿನ ಮಾತ್ರೆ ನುಂಗಿ ಕೂರಬೇಡಿ. ಆಸ್ಪಿರಿನ್‌ನಂಥದ್ದು ರಕ್ತಸ್ರಾವ ಹೆಚ್ಚಿಸುತ್ತದೆ. ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ.

"ನಾನು ಆವಾಗಲೇ ಇಂಜೆಕ್ಷನ್ ತಗೊಂಡಿದೀನಿ, ನಂಗೇನೂ ಆಗಲ್ಲ" ಅನ್ನುವವರು ಪ್ರತಿ ಸಂಘದಲ್ಲೂ ಇದ್ದಾರೆ. ಆ ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ಕಂಡು 2022ರಲ್ಲಿ ಅದನ್ನು ಕೊಡುವುದನ್ನೇ ನಿಲ್ಲಿಸಿದರು. ಅದನ್ನು ನಂಬಿ ಕಾಡಿಗೆ ಹೋಗಬೇಡಿ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾದ ಜ್ವರ ಎಷ್ಟು ಮನೆಗಳನ್ನು ಬರಿದು ಮಾಡಿತು ಎಂಬುದು ಎಲ್ಲರಿಗೂ ನೆನಪಿದೆ.

ಈಗ ಕೈಯಲ್ಲಿರುವುದು ಡೇಪಾ ಎಣ್ಣೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆದು, ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಸವರಿಕೊಳ್ಳಿ. ಮೈತುಂಬ ಬಟ್ಟೆ ಇರಲಿ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ತಂದ ದರಗಿನ ರಾಶಿ ಮೇಲೆ ಮಕ್ಕಳು ಆಡದಿರಲಿ.

ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ. ಮೈ ತಣ್ಣಗಾಗುತ್ತಲೇ ಉಣುಗುಗಳು ಅದನ್ನು ಬಿಟ್ಟು ಸುತ್ತ ನೆಲಕ್ಕೆ ಇಳಿಯುತ್ತವೆ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ತಿಳಿಸಿ. ಎಲ್ಲಿ, ಯಾವಾಗ ಕಂಡಿರಿ ಅಂತ ಗುರುತು ಹೇಳಿದರೆ ಅವರು ಬಂದು ಆ ಜಾಗದ ಸುತ್ತ 50 ಮೀಟರ್ ಔಷಧಿ ಹಾಕುತ್ತಾರೆ. ಆ ಸೀಸನ್ ಮುಗಿಯುವ ತನಕ ಅಲ್ಲಿಯ ದರಗು ಬೇಡ.