ಮನೆಯ ಹಳೆಯ ಚಿನ್ನವೇ ಅಹಿಂಸೆಯ ಒಡವೆ

ಮದುವೆಯ ಮಾತುಕತೆ ಮುಗಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆ ‘ಎಷ್ಟು ತೊಲ ಹಾಕೋಣ?’ ಎಂಬುದು. ಬಂಗಾರ ನಮ್ಮ ಹೆಣ್ಣುಮಕ್ಕಳಿಗೆ ಸ್ತ್ರೀಧನ, ವ್ಯಾಪಾರಸ್ಥರ ಮನೆಗೆ ಕಷ್ಟಕಾಲದ ಆಧಾರ. ಅದನ್ನು ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಆದರೆ ನೀರನ್ನು ಸೋಸಿ ಕುಡಿಯುವ, ಹೊತ್ತು ಮುಳುಗುವ ಮೊದಲೇ ಉಣ್ಣುವ ನಾವು ಮೈಮೇಲಿನ ಒಡವೆಯ ಹಿಂದೆ ಎಷ್ಟು ಹಿಂಸೆಯಿದೆ ಎಂದು ವಿಚಾರಿಸುವುದು ಅಪರೂಪ.

ಗಣಿಯ ಲೆಕ್ಕ

ಶ್ರಾವಕನು ದೂರವಿಡಬೇಕಾದ 15 ಕರ್ಮಾದಾನಗಳಲ್ಲಿ ಭೂಮಿಯನ್ನು ಅಗೆದು ಒಡೆಯುವ ಸ್ಫೋಟಕರ್ಮವೂ ಒಂದು. ಹೊಸ ಚಿನ್ನವೆಲ್ಲ ಆ ದಾರಿಯಿಂದಲೇ ಬರುತ್ತದೆ. ಒಂದು ಟನ್ ಅದಿರಿನಲ್ಲಿ 3 ಗ್ರಾಂ ಚಿನ್ನ ಸಿಗುವ ಗಣಿಯಾದರೆ, 30 ಗ್ರಾಂ ಸರಕ್ಕೆ 10 ಟನ್ ಕಲ್ಲನ್ನು ಒಡೆದು ಪುಡಿ ಮಾಡಬೇಕು. ಆ ಪುಡಿಯಿಂದ ಚಿನ್ನ ಬೇರ್ಪಡಿಸಲು ಸಯನೈಡ್ ಎಂಬ ಘೋರ ವಿಷ ಬೇಕು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ದಿಬ್ಬಗಳು ಊರಿಗೆ ಅಂಟಿಕೊಂಡೇ ಉಳಿದವು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಸಣ್ಣ ಗಣಿಗಳಲ್ಲಿ ಪಾದರಸ ಬಳಸುತ್ತಾರೆ. ಅದು ಹೊಳೆಗೆ ಸೇರಿ, ಮೀನುಗಳ ಮೈಯೊಳಗೆ ಹೊಕ್ಕು, ಕೊನೆಗೆ ಮನುಷ್ಯರನ್ನೂ ಕಾಡುತ್ತದೆ. ಪಾದರಸದ ಬಳಕೆಗೆ ಕಡಿವಾಣ ಹಾಕಲೆಂದೇ 2013ರಲ್ಲಿ ಮಿನಮಾಟ ಒಪ್ಪಂದವಾಯಿತು.

ಅರಗು, ಮುತ್ತು, ಹವಳ

ಸೋಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಮನೆಗಳಲ್ಲಿ ಬೋರಮಾಳ ಅಚ್ಚುಮೆಚ್ಚಿನ ಒಡವೆ. ಅದರ ಪೊಳ್ಳು ಮಣಿಗಳೊಳಗೆ ಅರಗು ತುಂಬುವುದುಂಟು. ಅರಗು ಸಣ್ಣ ಕೀಟಗಳು ಸ್ರವಿಸುವ ವಸ್ತು. ಕೊಂಬೆಯಿಂದ ಕೆರೆದು ತೆಗೆಯುವಾಗ ಲೆಕ್ಕವಿಲ್ಲದಷ್ಟು ಕೀಟಗಳು ಸಾಯುತ್ತವೆ. ಲಾಕ್ಷಾವಾಣಿಜ್ಯ ಕರ್ಮಾದಾನಗಳಲ್ಲಿ ಸೇರಿರುವುದು ಸುಮ್ಮನಲ್ಲ. ಹೊಸದಾಗಿ ಮಾಡಿಸುವಾಗ ‘ಅರಗು ಬೇಡ, ಸಣ್ಣದಾದರೂ ಗಟ್ಟಿ ಮಣಿ ಇರಲಿ’ ಎಂದು ಪತ್ತಾರರಿಗೆ ಮೊದಲೇ ಹೇಳಬಹುದು.

ಹೈದರಾಬಾದಿನಲ್ಲಿ ಕೊಳ್ಳುವ ಮುತ್ತು ಇಂದು ಬಹುಪಾಲು ಸಾಕಿದ ಚಿಪ್ಪಿನದು. ಒಂದು ಚಿಪ್ಪಿನ ಜೀವಿಯನ್ನು ಕೊಂದು, ಅದರ ಮೈಯ ತುಣುಕನ್ನು ಇನ್ನೊಂದರೊಳಗೆ ನಾಟಿ ಮುತ್ತನ್ನು ಬೆಳೆಸುತ್ತಾರೆ. ಮುತ್ತು ತೆಗೆದ ಮೇಲೆ ಸಾಮಾನ್ಯವಾಗಿ ಆ ಎರಡನೆಯದೂ ಬದುಕುವುದಿಲ್ಲ. ಹವಳವನ್ನು ನಮ್ಮ ಪ್ರಾಚೀನ ಗ್ರಂಥಗಳು ಪೃಥ್ವೀಕಾಯದಲ್ಲಿ ಎಣಿಸಿವೆ. ಅದು ಕಡಲಿನ ಸಣ್ಣ ಪ್ರಾಣಿಗಳು ಕಟ್ಟುವ ಗೂಡು ಎಂಬುದು ಇಂದಿನ ಜೀವಶಾಸ್ತ್ರ ತಿಳಿಸುವ ಸಂಗತಿ. ಮಂಗಳಸೂತ್ರಕ್ಕೆ ಗಾಜಿನ ಕೆಂಪು ಮಣಿ ಹಾಕಿದರೆ ಶೋಭೆಗೇನೂ ಕುಂದಿಲ್ಲ. ದಂತದ ಮಾತು ಬೇಡವೇ ಬೇಡ: ಭಾರತದ ಆನೆಯ ದಂತದ ವ್ಯಾಪಾರ 1986ರಲ್ಲಿ, ಆಫ್ರಿಕಾದ ದಂತದ್ದು 1991ರಲ್ಲಿ ಕಾನೂನಿನಿಂದಲೇ ನಿಂತಿದೆ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಈಗ ಸೂರತ್ತಿನಿಂದ ಧಾರಾಳವಾಗಿ ಬರುತ್ತಿದೆ. ಅದಕ್ಕೆ ಗಣಿ ಬೇಡ, ವಿದ್ಯುತ್ತು ಮಾತ್ರ ಬಹಳ ಬೇಕು. ಮರಳಿ ಮಾರುವಾಗ ಬೆಲೆ ತೀರ ಕಡಿಮೆ. ಅಂದಕ್ಕೆ ಕೊಂಡರೆ ಸರಿ, ಆಸ್ತಿಯೆಂದು ಕೊಳ್ಳಬಾರದು.

ಹಳೆಯದನ್ನು ಹೊಸದು ಮಾಡುವ ಬಗೆ

ಚಿನ್ನ ಸವೆದರೂ ಕೆಡುವುದಿಲ್ಲ. ಅಜ್ಜಿಯ ಪಾಟಲಿ ಕರಗಿ ಮೊಮ್ಮಗಳ ಸರವಾದರೆ ಅಷ್ಟರಮಟ್ಟಿಗೆ ಹೊಸ ಗಣಿ ಬೇಕಿಲ್ಲ. ಕರಗಿಸಲು ಬೆಂಕಿ ಬೇಕು, ಅಗ್ನಿಕಾಯದ ಹಿಂಸೆ ತಪ್ಪದು, ನಿಜ. ಆದರೆ ಹತ್ತು ಟನ್ ಕಲ್ಲು ಒಡೆಯುವುದರ ಮುಂದೆ ಅದು ಎಷ್ಟು?

ಲೆಕ್ಕ ಗೊತ್ತಿದ್ದರೆ ಮೋಸಕ್ಕೆ ಎಡೆಯಿಲ್ಲ. ಉದಾಹರಣೆಗೆ, ಹಳೆಯ ಬೋರಮಾಳದ ತೂಕ 40 ಗ್ರಾಂ, ಅದರಲ್ಲಿ ಅರಗು ಮತ್ತು ದಾರ 8 ಗ್ರಾಂ ಎಂದಿಟ್ಟುಕೊಳ್ಳಿ. ಉಳಿದ 32 ಗ್ರಾಂ 20 ಕ್ಯಾರಟ್ಟಿನದಾದರೆ ಅದರಲ್ಲಿರುವ ಅಪ್ಪಟ ಚಿನ್ನ ಸುಮಾರು 26.7 ಗ್ರಾಂ. 22 ಕ್ಯಾರಟ್ಟಿನ, ಅಂದರೆ 916ರ ಹೊಸ ಒಡವೆಗೆ ಅದು ಸುಮಾರು 29 ಗ್ರಾಂ ಆಗುತ್ತದೆ. ಇದರಲ್ಲಿ ಕರಗಿಸುವಾಗಿನ ಸವಕಳಿ ಕಳೆಯುತ್ತದೆ, ಮಜೂರಿ ಬೇರೆ. ಅರಗು ತೆಗೆದು, ನಿಮ್ಮ ಕಣ್ಣೆದುರಿಗೇ ತೂಗಿ, ಒರೆಗಲ್ಲಿನ ಜೊತೆಗೆ ಹಾಲ್‌ಮಾರ್ಕ್ ಕೇಂದ್ರದಲ್ಲೂ ಪರೀಕ್ಷೆ ಮಾಡಿಸಿ. 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. ಹೊಸ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇದೆಯೇ ನೋಡಿಕೊಳ್ಳಿ. ಹಾಲ್‌ಮಾರ್ಕ್ ಇಲ್ಲದ ಹಳೆಯ ಒಡವೆಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಬೆಸುಗೆಗೆ ಕ್ಯಾಡ್ಮಿಯಂ ಬಳಸುವ ಕೆಡಿಎಂ ಪದ್ಧತಿ ಬೇಡ. ಅದರ ಹೊಗೆ ಮೊದಲು ಸುಡುವುದು ನಮ್ಮ ಒಡವೆ ಮಾಡುವ ಕುಶಲಕರ್ಮಿಯ ಪುಪ್ಪುಸವನ್ನು.

ಮಿತಿಯೇ ಮುಖ್ಯ

ಹಳೆಯದನ್ನು ಕರಗಿಸಿ, ಅದರ ಮೇಲೆ ಇನ್ನಷ್ಟು ಹೊಸದನ್ನು ಸೇರಿಸುತ್ತ ಹೋದರೆ ಗಣಿಗೆ ಬಿಡುವಿಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಹೇಳುವಲ್ಲಿ ಹಿರಣ್ಯ, ಸುವರ್ಣಗಳನ್ನು ಹೆಸರಿಸಿಯೇ ಎಚ್ಚರಿಸುತ್ತದೆ. ನಮ್ಮ ಮನೆಗೆ ಇಷ್ಟು ತೊಲ ಸಾಕು ಎಂದು ಗಂಡ ಹೆಂಡತಿ ಕೂಡಿ ಒಮ್ಮೆ ನಿಶ್ಚಯಿಸಲಿ. ಬೀಗರು ಕೂಡ ‘ಹೊಸದೇ ಆಗಬೇಕು’ ಎಂಬ ಹಟ ಬಿಡಲಿ. ಸರಾಫ ಅಂಗಡಿ ನಡೆಸುವ ನಮ್ಮ ಬಂಧುಗಳು ಹಳೆಯ ಚಿನ್ನಕ್ಕೆ ನ್ಯಾಯವಾದ ಲೆಕ್ಕ ಕೊಟ್ಟರೆ ಅದೂ ಧರ್ಮಪ್ರಭಾವನೆಯೇ.

ಅಕ್ಷಯ ತದಿಗೆ ಬಂದರೆ ಅಂಗಡಿಗಳ ಮುಂದೆ ಜನ ನೆರೆಯುತ್ತದೆ. ನಮಗೆ ಆ ದಿನ ಭಗವಾನ್ ಋಷಭದೇವರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಕಬ್ಬಿನ ಹಾಲಿನ ಆಹಾರ ನೀಡಿದ ದಿನ. ಅದು ಕೊಳ್ಳುವ ಹಬ್ಬವಲ್ಲ, ಕೊಡುವ ಹಬ್ಬ. ಅಕ್ಷಯವಾದದ್ದು ಚಿನ್ನವಲ್ಲ, ದಾನ.