ಭಾವನೆಯಿಲ್ಲದ ಭೋಗ: ಡಿಜಿಟಲ್ ಯುಗದಲ್ಲಿ ಸೌಂದರ್ಯಮೀಮಾಂಸೆ

ಗ್ರಾಹಕ ಪ್ರವೃತ್ತಿಯೇ ಪ್ರಧಾನವಾದ ಜೀವನಕ್ರಮವನ್ನು ಕನ್ನಡದಲ್ಲಿ ‘ಕೊಳ್ಳುಬಾಕ ಸಂಸ್ಕೃತಿ’ ಎಂದು ಕರೆಯುವುದು ರೂಢಿಯಾಗಿದೆ. ಹಸಿವು ತೀರಿದ ಮೇಲೂ ಉಣ್ಣುವವನು ಹೊಟ್ಟೆಬಾಕ. ಆ ಪದದ ಮಾದರಿಯಲ್ಲಿ ರೂಪುಗೊಂಡ ಈ ಮಾತು ಕೊಳ್ಳುವುದನ್ನಲ್ಲ, ತಣಿವಿಲ್ಲದೆ ಕೊಳ್ಳುವುದನ್ನು ಆಕ್ಷೇಪಿಸುತ್ತದೆ. ಸೌಂದರ್ಯಕ್ಕೂ ಮಾರುಕಟ್ಟೆಗೂ ಸಹಜ ವೈರವಿದೆಯೆಂಬ ಗ್ರಹಿಕೆಯನ್ನು ಪರಿಶೀಲಿಸಲು ಈ ಭೇದ ಉಪಯುಕ್ತವಾಗಿದೆ. ಕೊಲ್ಕತ್ತಾ ನಗರದ ಕೆಲವು ನಿದರ್ಶನಗಳ ಮೂಲಕ ಇದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಭಾರತೀಯ ಕಾವ್ಯಮೀಮಾಂಸೆ ಭೋಗವನ್ನು ಹೀಗಳೆಯುವುದಿಲ್ಲ. ಭಟ್ಟನಾಯಕನು ರಸಾಸ್ವಾದವನ್ನು ‘ಭೋಗ’ವೆಂದೇ ಕರೆದನು. ಆದರೆ ಅದಕ್ಕೆ ಮುನ್ನ ‘ಭಾವಕತ್ವ’ವೆಂಬ ವ್ಯಾಪಾರ ನಡೆಯಬೇಕೆಂಬುದು ಅವನ ಮತ. ಕಂಡ ವಸ್ತು ನನ್ನದು, ಪರರದು ಎಂಬ ಹಂಗನ್ನು ಕಳೆದುಕೊಂಡು ಸಾಧಾರಣೀಕರಣ ಹೊಂದಿದ ನಂತರವೇ ಭೋಗ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳುತ್ತಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಪ್ರಧಾನವಾದುದು ಅಪ್ರಧಾನವಾಗುವುದು ಮತ್ತೊಂದು. ಮೈಸೂರಿನ ಎಂ. ಹಿರಿಯಣ್ಣನವರು (1871-1950) ಕಲಾನುಭವವನ್ನು ಮೋಕ್ಷಸ್ಥಿತಿಯೊಡನೆ ಹೋಲಿಸಿದುದಕ್ಕೂ ಈ ಸ್ವಾರ್ಥವಿಸ್ಮೃತಿಯೇ ಆಧಾರ. ಕಲೆಯಲ್ಲಿ ಅದು ತಾತ್ಕಾಲಿಕವೆಂಬುದನ್ನೂ ಅವರು ಸ್ಪಷ್ಟಪಡಿಸಿದ್ದಾರೆ.

ಕೊಲ್ಕತ್ತಾ ನಗರದ ಕಾಲೀಘಾಟ್ ಪಟಗಳು ಹತ್ತೊಂಬತ್ತನೆಯ ಶತಮಾನದ ಅಗ್ಗದ ಸರಕುಗಳು. ಗಿರಣಿ ಕಾಗದದ ಮೇಲೆ ಜಲವರ್ಣದಲ್ಲಿ, ತ್ವರಿತವಾದ ಕುಂಚರೇಖೆಗಳಿಂದ ಬರೆದು ದೇವಾಲಯದ ಯಾತ್ರಿಕರಿಗೆ ಪಟುವಾ ಚಿತ್ರಕಾರರು ಮಾರುತ್ತಿದ್ದರು. ದೇವತೆಗಳೊಂದಿಗೆ, ಶೋಕಿಲಾಲ ಬಾಬುಗಳ ವಿಡಂಬನೆಯೂ 1873ರ ತಾರಕೇಶ್ವರ ಪ್ರಕರಣವೂ ಅಲ್ಲಿ ಚಿತ್ರಿತವಾದವು. ಅವಸರ, ಮಿತವ್ಯಯಗಳ ಒತ್ತಡದಿಂದಲೇ ಆ ರೇಖೆಯ ಬಿಗುವು ಹುಟ್ಟಿತು. ಇನ್ನೂ ಅಗ್ಗದ ಮುದ್ರಿತ ಚಿತ್ರಗಳು ಬಂದಾಗ ಪಟಗಳ ವ್ಯಾಪಾರ ಕುಸಿಯಿತು. ಮಾರುಕಟ್ಟೆಯೇ ಬೆಳೆಸಿದ ಕಲೆಯನ್ನು ಮಾರುಕಟ್ಟೆಯೇ ಅಳಿಸಿದ ಉದಾಹರಣೆ ಇದು.

ಪ್ರತಿಕೃತಿಯೂ ತನ್ನಷ್ಟಕ್ಕೆ ದೋಷವಲ್ಲ. ಮೈಸೂರು ಸಂಸ್ಥಾನದ ಕೆ. ವೆಂಕಟಪ್ಪನವರು (1886-1965) 1909ರಲ್ಲಿ ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಹಿಂದೂ-ಬೌದ್ಧ ಪುರಾಣಗಳನ್ನು ಕುರಿತು ರಚಿಸಿ 1913ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರ ಚಿತ್ರಗಳು ಅಚ್ಚಾದವು. ದೂರದ ಓದುಗರಿಗೆ ಈ ಕನ್ನಡಿಗ ಕಲಾವಿದನ ಪರಿಚಯವಾದದ್ದು ಮುದ್ರಣದ ಮೂಲಕವೇ. ಇಂದಿನ ಡಿಜಿಟಲ್ ಪ್ರತಿಯೂ ಅಂಥ ಉಪಕಾರವನ್ನು ಮಾಡಬಲ್ಲದು.

ಹಾಗಾದರೆ ಹೊಸತಾಗಿ ಒದಗಿದ ತೊಡಕು ಯಾವುದು? ದುರ್ಗಾಪೂಜೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕುಮಾರಟುಲಿಯ ಶಿಲ್ಪಿಗಳು ಬಿದಿರು, ಹುಲ್ಲು, ಗಂಗೆಯ ಮಣ್ಣುಗಳಿಂದ ರೂಪಿಸಿದ ಪ್ರತಿಮೆ ಕೆಲವೇ ದಿನ ಪೂಜೆಗೊಂಡು ನೀರಿನಲ್ಲಿ ಕರಗುತ್ತದೆ. ಎಲ್ಲರೂ ಕಂಡ ಚೆಲುವು ಯಾರ ಸ್ವತ್ತೂ ಆಗುವುದಿಲ್ಲ. ವಿಸರ್ಜನೆ ಸಾಧಾರಣೀಕರಣದ ಮೂರ್ತರೂಪವೆನ್ನಬಹುದು. ವಾಣಿಜ್ಯವೂ ಇಲ್ಲಿ ಬಹುಕಾಲದಿಂದ ಪಾಲುದಾರ: ಏಷ್ಯನ್ ಪೇಂಟ್ಸ್ ಸಂಸ್ಥೆ 1985ರಲ್ಲಿಯೇ ‘ಶರದ್ ಸಮ್ಮಾನ್’ ಪ್ರಶಸ್ತಿಯನ್ನು ಆರಂಭಿಸಿತು. ಕೊಲ್ಕತ್ತಾ ದುರ್ಗಾಪೂಜೆ 2021ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಅದೇ ಪೆಂಡಾಲಿನಲ್ಲಿ ಪ್ರತಿಮೆಗೆ ಬೆನ್ನು ಮಾಡಿ ನಿಂತು ಮೊಬೈಲಿನಲ್ಲಿ ತನ್ನ ಚಿತ್ರವನ್ನೇ ತೆಗೆದುಕೊಳ್ಳುವ ಪ್ರೇಕ್ಷಕನನ್ನು ಗಮನಿಸಬೇಕು. ಅಲ್ಲಿ ಪ್ರಧಾನವಾಗಬೇಕಾದ ಪ್ರತಿಮೆ ಹಿನ್ನೆಲೆಯಾಗುತ್ತದೆ. ಮರೆಯಬೇಕಾದ ‘ನಾನು’ ಮುಂದೆ ಬರುತ್ತದೆ. ಆ ಚಿತ್ರಕ್ಕೆ ದೊರೆತ ಮೆಚ್ಚುಗೆಗಳ ಎಣಿಕೆ ‘ನಾನು’ವನ್ನು ಮತ್ತಷ್ಟು ಗಟ್ಟಿಗೊಳಿಸುತ್ತದೆ. ಅಭಿನವಗುಪ್ತನು ನಾಟ್ಯಕ್ಕೆ ಹೇಳಿದ ಎರಡು ವಿಘ್ನಗಳು ಇಲ್ಲಿ ಒಂದಾಗಿವೆ. ಭಾವಕತ್ವ ನಡೆಯದೆ ಭೋಗ ಮಾತ್ರ ನಡೆಯುತ್ತದೆ. ಅಂತಹ ಭೋಗಕ್ಕೆ ತಣಿವಿಲ್ಲದ ಕಾರಣ ಮತ್ತೊಂದು ಚಿತ್ರ ಬೇಕಾಗುತ್ತದೆ. ಪ್ರತಿಮೆ ಕರಗಿದರೂ ಈ ಚಿತ್ರಕ್ಕೆ ವಿಸರ್ಜನೆಯಿಲ್ಲ.

ಆದ್ದರಿಂದ ಯಂತ್ರವನ್ನಾಗಲಿ ವ್ಯಾಪಾರವನ್ನಾಗಲಿ ದೂರಿದ ಮಾತ್ರಕ್ಕೆ ಸೌಂದರ್ಯಮೀಮಾಂಸೆಯ ಹೊಣೆ ಮುಗಿಯದು. ಪಟವನ್ನು ಕೊಂಡ ಯಾತ್ರಿಕನೂ ಗ್ರಾಹಕನೇ. ಆದರೆ ಅವನ ದೃಷ್ಟಿ ಪಟದತ್ತ ಇತ್ತು. ನೋಡುವವನು ತನ್ನನ್ನು ಮರೆಯಲು ಒಂದು ರೂಪ ಎಷ್ಟು ಎಡೆಗೊಡುತ್ತದೆ ಎಂಬುದೇ ಡಿಜಿಟಲ್ ಬಿಂಬಕ್ಕೂ ಅನ್ವಯಿಸಬೇಕಾದ ಒರೆಗಲ್ಲು. ಸಹೃದಯನಿಗೂ ಕೊಳ್ಳುಬಾಕನಿಗೂ ಇರುವ ಅಂತರ ಕೈಯಲ್ಲಿರುವ ಸಾಧನದ್ದಲ್ಲ, ನೋಟದ್ದು.