ಜಾಲಸುರಂಗದ ಸರ್ವರ್ ಮತ್ತು ಅದರ ರಕ್ಷಣೆ

ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಯಲ್ಲಿ ವಾಸಿಸುವ ಅಧ್ಯಾಪಕರೊಬ್ಬರು ತಮ್ಮ ಕಾಲೇಜಿನ ಅಂಕಪಟ್ಟಿಗಳಿರುವ ಗಣಕವನ್ನು ಮನೆಯಿಂದಲೇ ಬಳಸಬೇಕಾಗಿದೆಯೆಂದು ಭಾವಿಸೋಣ. ಆ ಗಣಕವನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡುವುದು ಅಪಾಯಕರ. ಆದುದರಿಂದ ಕಾಲೇಜಿನ ಜಾಲದ ಅಂಚಿನಲ್ಲಿ ಒಂದು ಸರ್ವರನ್ನು ನಿಲ್ಲಿಸಿ, ಅಲ್ಲಿಯವರೆಗೆ ಗೂಢಲಿಪಿಯ ಮಾರ್ಗವೊಂದನ್ನು ಏರ್ಪಡಿಸುತ್ತಾರೆ. ಈ ಮಾರ್ಗಕ್ಕೆ ಸುರಂಗವೆಂದು ಹೆಸರು. ಅನೇಕ ಕಡೆ ಫೈರ್‌ವಾಲ್ ವೆಬ್ ಸಂಚಾರವನ್ನಷ್ಟೇ ಬಿಡುವುದರಿಂದ, ಸುರಕ್ಷಿತ ವೆಬ್ ಪುಟಗಳು ಸಂಚರಿಸುವ 443ನೆಯ ಪೋರ್ಟಿನಲ್ಲಿಯೇ ಸುರಂಗವನ್ನೂ ಹಾಯಿಸುವ ಪದ್ಧತಿ ಬೆಳೆದಿದೆ. ಮೈಕ್ರೋಸಾಫ್ಟ್ ಸಂಸ್ಥೆಯ ಎಸ್‌ಎಸ್‌ಟಿಪಿ ಈ ಬಗೆಯದು. ಓಪನ್‌ವಿಪಿಎನ್ನನ್ನೂ ಹೀಗೆ ನಡೆಸಬಹುದು.

ಆದರೆ ಗೂಢಲಿಪಿ ಇದ್ದ ಮಾತ್ರಕ್ಕೆ ರಕ್ಷಣೆ ಪೂರ್ಣವಾಯಿತೆಂದು ತಿಳಿಯಲಾಗದು. ಅದು ಮಾರ್ಗಮಧ್ಯದ ಕಳವನ್ನು ತಡೆಯುತ್ತದೆ. ಕದ್ದ ಗುಪ್ತಪದದೊಡನೆ ಬರುವವನನ್ನು ಮಾತ್ರ ಅಷ್ಟೇ ಗೋಪ್ಯವಾಗಿ ಒಳಕ್ಕೆ ತಲುಪಿಸುತ್ತದೆ. ನಮ್ಮ ಸೀಮೆಯಲ್ಲಿ ಹಗೇವನ್ನು ಎಷ್ಟು ಆಳವಾಗಿ ತೋಡಿದರೂ ಅದರ ಬಾಯಿಯನ್ನು ಭದ್ರಪಡಿಸದಿದ್ದರೆ ಜೋಳ ಉಳಿಯದು.

ಸರ್ವರನ್ನು ಅಣಿಗೊಳಿಸುವಾಗ ನಾಲ್ಕು ಅಂಶಗಳನ್ನು ಗಮನಿಸತಕ್ಕದ್ದು. ಮೊದಲನೆಯದು ಮಾರ್ಗದ ಶುದ್ಧಿ. ಟಿಎಲ್‌ಎಸ್ ನಿಯಮಾವಳಿಯ 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ವಿಧ್ಯುಕ್ತವಾಗಿ ಕೈಬಿಡಲಾಯಿತು, 1.2 ಅಥವಾ 2018ರಲ್ಲಿ ಪ್ರಕಟವಾದ 1.3 ಆವೃತ್ತಿಯನ್ನೇ ಬಳಸಬೇಕು. ಸರ್ವರಿನ ಪ್ರಮಾಣಪತ್ರ ಸರಿಯಿಲ್ಲವೆಂಬ ಎಚ್ಚರಿಕೆಯನ್ನು ಕಡೆಗಣಿಸಿ ಮುಂದುವರಿದರೆ, ನಡುವೆ ನಿಂತ ವಂಚಕನೇ ಸರ್ವರಿನ ವೇಷ ಧರಿಸಬಲ್ಲನು. ಎರಡನೆಯದು ವ್ಯಕ್ತಿಯ ಗುರುತು. ಗುಪ್ತಪದದ ಜೊತೆಗೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರಮಾಣಪತ್ರವನ್ನಾಗಲಿ ಒಂದೇ ಸಲ ನಡೆಯುವ ಸಂಕೇತಾಂಕವನ್ನಾಗಲಿ ವಿಧಿಸಬೇಕು. ಕೆಲಸ ಬಿಟ್ಟವರ ಅನುಮತಿಯನ್ನು ಅಂದೇ ರದ್ದುಪಡಿಸಬೇಕು. ಮೂರನೆಯದು ಪ್ರವೇಶದ ಮಿತಿ. ಒಳಬಂದವರಿಗೆ ಅವರ ಕೆಲಸದ ಗಣಕವಷ್ಟೇ ಕಾಣತಕ್ಕದ್ದು, ಇಡೀ ಜಾಲವಲ್ಲ. ಸರ್ವರಿನ ಆಡಳಿತ ಪುಟವು ಹೊರಗಿನವರಿಗೆ ತೆರೆದಿರಲೇಬಾರದು. ನಾಲ್ಕನೆಯದು ನಿರಂತರ ಪಾಲನೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಬೆಳಕಿಗೆ ಬಂದ ಹಾರ್ಟ್‌ಬ್ಲೀಡ್ ದೋಷದಿಂದ ಸರ್ವರಿನ ಸ್ಮೃತಿಯಲ್ಲಿದ್ದ ರಹಸ್ಯ ಕೀಲಿಗಳೇ ಹೊರಬೀಳಬಹುದಾಗಿತ್ತು; ತಂತ್ರಾಂಶವನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಎಷ್ಟು ಅಗತ್ಯವೆಂಬುದಕ್ಕೆ ಇದೇ ನಿದರ್ಶನ. ಯಾರು, ಯಾವಾಗ, ಎಲ್ಲಿಂದ ಬಂದರೆಂಬ ದಾಖಲೆಯೂ ಉಳಿಯಬೇಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಇಂಥ ದಾಖಲೆಗಳನ್ನು 180 ದಿನಗಳವರೆಗೆ ಕಾದಿಡುವಂತೆ ವಿಧಿಸಿದೆ.

ಇದೆಲ್ಲವೂ ಸಂಸ್ಥೆಯ ಒಪ್ಪಿಗೆಯಿಂದ ನಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಯಾರಿಗೂ ತಿಳಿಸದೆ ಸದುದ್ದೇಶದಿಂದಲೇ ತೆರೆದ ಸುರಂಗವನ್ನು ಕಾಯುವವರು ಯಾರೂ ಇರುವುದಿಲ್ಲ. ಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿಯ ಅಂಕ ಬದಲಾಯಿತೆಂದು ತಿಳಿದರೂ ಉಳಿದೆಲ್ಲ ಅಂಕಗಳ ಮೇಲಿನ ವಿಶ್ವಾಸ ಸಡಿಲುತ್ತದೆ. ಆದುದರಿಂದ ಸುರಂಗವನ್ನು ತೆರೆಯುವ ಮುನ್ನವೇ ಅದರ ಪಾಲನೆಯ ಹೊಣೆ ಯಾರದೆಂದು ನಿರ್ಣಯಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.